ರೆಕಾರ್ಡರ್ ಕೊಳ್ಳಲು ಬಂದವರು

ಟಿವಿ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ನಗುವೇ ಬೆಳಿಗ್ಗೆ ಎದ್ದು ಬಸ್ಸು ಹತ್ತಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಫ್ಯಾನಿನ ಕೆಳಗೆ ಕೂತು, "ಮೊದಲು ಒಂಚೂರು ನೀರು ಕೊಡ್ರಿ" ಎನ್ನುತ್ತದೆ.

ಕೊಟ್ಟೂರಿನಲ್ಲಿ ಬಸ್‌ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನನ್ನ ಅಂಗಡಿ. ಟಿವಿ, ಫ್ಯಾನು, ಮಿಕ್ಸಿ ಮಾರುತ್ತೇನೆ. ಕೆಟ್ಟರೆ ನಾನೇ ರಿಪೇರಿ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಟಿವಿ ರೆಕಾರ್ಡರ್ ಎಂಬ ಹೊಸ ಪೆಟ್ಟಿಗೆ ತರಿಸಿದೆ. ಟಿವಿಯಲ್ಲಿ ಬರುವುದನ್ನು ಅದು ತನ್ನ ಹೊಟ್ಟೆಯಲ್ಲಿ ತುಂಬಿಟ್ಟುಕೊಳ್ಳುತ್ತದೆ, ನಮಗೆ ಪುರುಸೊತ್ತಾದಾಗ ನೋಡಬಹುದು. ಬಹಳ ಬೇಕಾದದ್ದಿದ್ದರೆ ಒಂದು ಡಿಸ್ಕಿಗೆ ಇಳಿಸಿ ಬೇರೆ ಎತ್ತಿಡಬಹುದು. ಇದಕ್ಕೆ ಡಿಸ್ಕ್ ಬ್ಯಾಕಪ್ ಎಂದು ಹೆಸರು. ವಿಷಯ ಇಷ್ಟೇ. ಇಷ್ಟನ್ನು ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಷ್ಟು ಜನರಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ನಾನು ಹೇಳಿದ್ದೊಂದು, ಅವರು ತಿಳಿದದ್ದೊಂದು, ಮಷೀನು ಮಾಡಿದ್ದು ಇನ್ನೊಂದು.

ಮೇಷ್ಟ್ರ ಹೋಂವರ್ಕ್

ಮೊದಲ ಗಿರಾಕಿ ನಮ್ಮ ಊರಿನ ನಿವೃತ್ತ ಹೆಡ್ ಮೇಷ್ಟ್ರು. ನನಗೂ ಪಾಠ ಹೇಳಿದವರು. ಅವರು ಮಷೀನನ್ನು ಸುಮ್ಮನೆ ಕೊಳ್ಳಲಿಲ್ಲ, ಅದಕ್ಕೆ ಪರೀಕ್ಷೆ ಇಟ್ಟರು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಸ್ಕೇಲು ಹಿಡಿದು ಗೆರೆ ಹೊಡೆದುಕೊಂಡು ಒಂಬತ್ತು ದಿನ ಬಂದರು.

"ಧೂಳು ಹೊಕ್ಕರ ಏನಾಗ್ತತಿ?"

"ಬಟ್ಟಿ ಹೊಚ್ಚಬೇಕು ಸರ್."

"ಹಲ್ಲಿ ಹೊಕ್ಕರ?"

"ಹಲ್ಲಿ ಹೋಗುವಷ್ಟು ಸಂದಿ ಇಲ್ಲ ಸರ್."

"ಸಂದಿ ಎಷ್ಟೈತಿ ಅಂತ ಕೇಳಲಿಲ್ಲ. ಹೊಕ್ಕರ ಏನಾಗ್ತತಿ? ಪ್ರಶ್ನೆ ಸರಿಯಾಗಿ ಓದಿಕೊಂಡು ಉತ್ತರ ಹೇಳು."

ಹತ್ತನೇ ದಿನ ಮಷೀನು ಪಾಸಾಯಿತು. ಒಯ್ದರು. ತಿಂಗಳಾದ ಮೇಲೆ ಬಂದವರ ಕಣ್ಣು ಕೆಂಪಗಿದ್ದವು.

"ಕೆಟ್ಟಿತೇನು ಸರ್?"

"ಕೆಡವಲ್ದಪಾ, ಅದೇ ತ್ರಾಸು." ಬೆಳಗಿನ ಪ್ರವಚನ, ಮಧ್ಯಾಹ್ನದ ಕೃಷಿ, ಸಂಜೆಯ ಚರ್ಚೆ, ರಸಪ್ರಶ್ನೆ ಎಲ್ಲವನ್ನೂ ಅವರು ತುಂಬಿಸುತ್ತಿದ್ದರಂತೆ. ಮಷೀನು ದಿನಕ್ಕೆ ಒಂಬತ್ತು ತಾಸು ತುಂಬುತ್ತದೆ. ಅವರು ನೋಡಿ ಮುಗಿಸುವುದು ನಾಲ್ಕೇ ತಾಸು. "ಓದೋದು ಬಾಳ ಬಾಕಿ ಬಿದ್ದೈತಿ."

"ನೋಡದೇ ಅಳಿಸಿಬಿಡ್ರಿ ಸರ್."

ಮೇಷ್ಟ್ರು ನನ್ನನ್ನು ನೋಡಿದ ರೀತಿಗೆ ನನ್ನ ಕೈ ತಾನಾಗಿ ಕಿವಿ ಹಿಡಿದುಕೊಂಡಿತು. "ನನ್ನ ಸರ್ವಿಸ್ನಾಗ ಒಂದು ಉತ್ತರಪತ್ರಿಕೆನೂ ಓದದೇ ಮಾರ್ಕ್ಸ್ ಹಾಕಿದವನಲ್ಲ ನಾನು!"

ಮರುವಾರ ಅವರ ಮನೆಯವರು ಬಂದರು. "ಊಟಕ್ಕ ಕರದ್ರ ಏಳವಲ್ರು. ಮುಗಿಸಲಿಲ್ಲ ಅಂದ್ರ ಯಾರೋ ಬಂದು ಬೆಂಚಿನ ಮ್ಯಾಲೆ ನಿಲ್ಲಿಸ್ತಾರ ಅನ್ನೋಂಗ ಅಂಜ್ಯಾರ. ನೀವಾರ ಬಂದು ಒಂದು ಮಾತು ಹೇಳ್ರಿ."

ಹೋದೆ. ಬಾಗಿಲಲ್ಲೇ ನಿಂತು, "ಸರ್, ಇವತ್ತಿನಿಂದ ಬೇಸಿಗಿ ರಜಾ" ಎಂದೆ. ಮೇಷ್ಟ್ರು ರಿಮೋಟನ್ನು ನನ್ನ ಕೈಗೆ ಕೊಟ್ಟವರೇ, ಹಿಂತಿರುಗಿಯೂ ನೋಡದೆ, ಗಂಟೆ ಹೊಡೆದ ಶಾಲೆಯ ಹುಡುಗನ ಹಾಗೆ ಬೀದಿಗೆ ಓಡಿದರು.

ಬ್ಯಾಕಪ್ಪು ಎಷ್ಟು ತಾಸು?

ಹಡಗಲಿಯಲ್ಲೊಬ್ಬರು ಹೋಟೆಲ್ ಮಾಲೀಕರು. ಅವರ ಮೆಣಸಿನಕಾಯಿ ಬಜ್ಜಿ ತಿನ್ನಲು ಬಸ್ಸಿನ ಡ್ರೈವರುಗಳು ಐದು ನಿಮಿಷ ಹೆಚ್ಚು ನಿಲ್ಲಿಸುತ್ತಾರೆ. ಹೋಟೆಲಿನಲ್ಲಿ ಕ್ರಿಕೆಟ್ ಹಾಕಲು ಅವರಿಗೆ ರೆಕಾರ್ಡರ್ ಬೇಕಾಗಿತ್ತು. ನಾನು ಎರಡು ಮಷೀನು ತೋರಿಸಿದೆ. "ಇದು ಸಾದಾ. ಇದರಾಗ ಡಿಸ್ಕ್ ಬ್ಯಾಕಪ್ ಐತಿ."

"ಬ್ಯಾಕಪ್ ಇರೋದೇ ಕೊಡ್ರಿ" ಎಂದರು ಒಂದು ಕ್ಷಣವೂ ತಡಮಾಡದೆ. "ನಮ್ಮ ಕಡೆ ಕರೆಂಟಿಂದು ಯಾವ ಭರವಸಿನೂ ಇಲ್ಲ."

ನಾನು ಆಗ ಇನ್ನೊಬ್ಬರ ಮಿಕ್ಸಿಯ ಬಾಯಿಯಲ್ಲಿ ಕೈ ಇಟ್ಟಿದ್ದೆ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ದೊಡ್ಡ ಮ್ಯಾಚಿನ ದಿನ ಮಧ್ಯಾಹ್ನ ಫೋನು ಬಂತು. ಹಿಂದೆ ನೂರು ಜನರ ಗದ್ದಲ.

"ಸಾವ್ಕಾರ್ರ, ಕರೆಂಟ್ ಹೋತು. ಬ್ಯಾಕಪ್ ಸುರು ಆಗವಲ್ದು!"

"ಸುರು ಆಗೋದು ಅಂದ್ರ?"

"ಡಿಸ್ಕ್ ಹಾಕೀನ್ರಿ. ಮೊದಲು ಬಾಯೇ ತೆರೀಲಿಲ್ಲ ಅದು. ಬಜ್ಜಿ ತೆಗಿಯೋ ಜಾರಿಲೆ ಮೀಟಿ ತೆಗದೆ. ಒಂದು ಹಾಕಿದೆ, ಸಾಲ್ಲಿಲ್ಲೇನೋ ಅಂತ ಮ್ಯಾಲೆ ಇನ್ನೆರಡು ಹಾಕಿದೆ. ಒಟ್ಟು ಮೂರು ಅದಾವ. ಟಿವಿ ಕಣ್ಣು ಬಿಡವಲ್ದು!"

ಎದೆ ಗಟ್ಟಿ ಮಾಡಿಕೊಂಡು ಹೇಳಿದೆ. ಈ ಬ್ಯಾಕಪ್ಪಿಗೂ ಕರೆಂಟಿಗೂ ಸಂಬಂಧವಿಲ್ಲ, ಕರೆಂಟಿಗೆ ಬೇಕಾದದ್ದು ಇನ್ವರ್ಟರ್, ಇದು ಟಿವಿಯಲ್ಲಿ ಬಂದದ್ದನ್ನು ಆಮೇಲೆ ಬೇಕು ಅಂತ ಡಿಸ್ಕಿಗೆ ತುಂಬಿಕೊಳ್ಳುವುದು ಎಂದೆ.

"ಅಂದ್ರ, ಇಲ್ಲಿದ್ದದ್ದನ್ನ ಕಟ್ಟಿಗೊಂಡು ಮನಿಗಿ ಒಯ್ಯಾಕ?"

"ಹೌದ್ರಿ, ಹಂಗಂತಲೇ ತಿಳ್ಕೊಳ್ರಿ."

"ಅದಕ್ಕ ಬ್ಯಾಕಪ್ ಅನ್ನೋದಿಲ್ರಿ ಯಪ್ಪಾ," ಎಂದು ಅವರು ನಿಟ್ಟುಸಿರು ಬಿಟ್ಟರು, "ಪಾರ್ಸೆಲ್ ಅಂತಾರ!"

ವೃಶ್ಚಿಕ ರಾಶಿ

ತೆಲಿಗಿಯಿಂದ ಗಂಡ ಹೆಂಡತಿ ಬಂದರು. ಮುಂಜಾನೆಯ ದಿನಭವಿಷ್ಯ ಬರುವ ಹೊತ್ತಿಗೆ ಗಂಡ ಹೊಲದಲ್ಲಿರುತ್ತಾರೆ; ಅದನ್ನು ಹಿಡಿದಿಟ್ಟು ಆಮೇಲೆ ನೋಡಲು ರೆಕಾರ್ಡರ್ ಬೇಕು.

"ಅದನ್ನೇ ತುಂಬಿಸಿಟ್ಟೀನಿ, ನೋಡ್ರಿ ಎಷ್ಟು ಸ್ವಚ್ಛ ಬರ್ತತಿ" ಎಂದು ನಾನು ಜಂಬದಿಂದ ಹಾಕಿದೆ. ಪರದೆಯ ಮೇಲೆ ಜ್ಯೋತಿಷಿ ಕೈ ಎತ್ತಿ, "ವೃಶ್ಚಿಕ ರಾಶಿಯವರು ಇಂದು ಹೊಸ ವಸ್ತುಗಳನ್ನು ಖರೀದಿಸದಿರುವುದು ಒಳಿತು" ಎಂದ.

ಗಂಡ ಎದ್ದು ನಿಂತರು. ಅವರದು ವೃಶ್ಚಿಕ.

"ಕುಂದರ್ರಿ, ಕುಂದರ್ರಿ. ಅದು ನಿನ್ನೇದು" ಎಂದೆ.

"ಹಂಗಾದ್ರ ಇವತ್ತಿಂದು ಹಾಕ್ರಿ."

ಇವತ್ತಿನದೂ ಇತ್ತು. ಬೇರೆ ದಾರಿಯಿಲ್ಲದೆ ಹಾಕಿದೆ. ಜ್ಯೋತಿಷಿ ನೇರವಾಗಿ ನನ್ನನ್ನೇ ನೋಡಿದ ಹಾಗಿತ್ತು. "ವೃಶ್ಚಿಕ ರಾಶಿ. ಸಿಹಿಮಾತಿನ ವ್ಯಾಪಾರಿಗಳಿಂದ ಎಚ್ಚರವಾಗಿರಿ."

ಗಂಡ ಚಪ್ಪಲಿ ಹುಡುಕತೊಡಗಿದರು. ನಾನು ವ್ಯಾಪಾರದ ಆಸೆ ಬಿಟ್ಟು ಮಷೀನು ಬಂದ್ ಮಾಡಲು ಕೈ ಚಾಚಿದೆ. ಅಷ್ಟರವರೆಗೆ ಸೆರಗಿನಲ್ಲಿ ಬೆವರು ಒರೆಸುತ್ತಾ ಸುಮ್ಮನೆ ಕೂತಿದ್ದ ಹೆಂಡತಿ, "ತಡೀರಿ, ಬಂದ್ ಮಾಡಬ್ಯಾಡ್ರಿ. ಕನ್ಯಾ ಏನಂತೈತಿ ನೋಡೋಣ" ಎಂದರು.

ಕನ್ಯಾ ರಾಶಿಯವರಿಗೆ ಗೃಹೋಪಯೋಗಿ ವಸ್ತುಗಳ ಲಾಭವಿತ್ತು.

"ನನ್ನ ಹೆಸರಿಲೆ ಬಿಲ್ ಮಾಡ್ರಿ" ಎಂದರು ಆ ತಾಯಿ. "ಎತ್ತಿಕೊಂಡು ಬಸ್ಸಿಗಿಡಾಕ ಮಾತ್ರ ವೃಶ್ಚಿಕ ಬರಲಿ."

ತಂಗಳು ಧಾರಾವಾಹಿ

ಹಗರಿಬೊಮ್ಮನಹಳ್ಳಿಯ ಆ ಮನೆಯಲ್ಲಿ ಸಂಜೆ ಏಳಕ್ಕೆ ಎರಡು ಚಾನೆಲ್ಲುಗಳಲ್ಲಿ ಎರಡು ಧಾರಾವಾಹಿ. ಒಂದು ಅತ್ತೆಯದು, ಇನ್ನೊಂದು ಸೊಸೆಯದು. ರಿಮೋಟು ಎರಡು ಸಲ ಒಡೆದಿತ್ತು. ಮಾವನವರು ಶಾಂತಿಗಾಗಿ ನನ್ನ ಹತ್ತಿರ ಬಂದರು. ನಾನೇ ಹೋಗಿ ಮಷೀನು ಜೋಡಿಸಿ, "ಒಬ್ಬರು ತಮ್ಮದನ್ನ ನೋಡುವಾಗ ಇನ್ನೊಬ್ಬರದನ್ನ ಇದು ಹಿಡಿದಿಡ್ತತಿ. ಅದನ್ನ ಮರುದಿನ ನೋಡಬೌದು" ಎಂದೆ.

ಅತ್ತೆ ಮುಖ ತಿರುಗಿಸಿದರು. "ಮರುದಿನ ನೋಡೋರು ಯಾರು?"

"ಯಾರಾದ್ರೂ..."

"ಈ ಮನಿಗಿ ಬಂದಾಗಿಂದ ಎಲ್ಲಾರಿಗೂ ಬಿಸಿ ರೊಟ್ಟಿ ಹಾಕಿ ನಾನು ತಂಗಳದು ತಿಂದೀನಿ. ಈಗ ತಂಗಳು ಧಾರಾವಾಹಿನೂ ನನಗ ಏನು?"

ಸೊಸೆ ಅಡುಗೆಮನೆಯಿಂದಲೇ ಅಂದಳು, "ನಮ್ಮಪ್ಪನೂ ನನ್ನ ತಂಗಳು ನೋಡಾಕ ಕೊಟ್ಟಿಲ್ರಿ."

ನಾನು ಯೋಚಿಸಿ ಒಂದು ದಾರಿ ಹೇಳಿದೆ. ಆ ಮಷೀನು ಒಂದೇ ಸಲಕ್ಕೆ ಎರಡು ಚಾನೆಲ್ ಹಿಡಿಯಬಲ್ಲದು. ಸಂಜೆ ಇಬ್ಬರೂ ನೋಡುವುದು ಬೇಡ. ಎರಡನ್ನೂ ತುಂಬಿಸಿಟ್ಟು ಮರುದಿನ ಮಧ್ಯಾಹ್ನ ಒಂದಾದ ಮೇಲೊಂದು ನೋಡಲಿ. ಇಬ್ಬರಿಗೂ ತಂಗಳು, ಇಬ್ಬರಿಗೂ ನ್ಯಾಯ. ಇಬ್ಬರೂ ಒಪ್ಪಿದರು. ಮಾವನವರು ನನ್ನ ಎರಡೂ ಕೈ ಹಿಡಿದುಕೊಂಡರು.

ಹದಿನೈದು ದಿನದಲ್ಲಿ ಅವರದೇ ಫೋನು. "ಸಾವ್ಕಾರ್ರ, ಬಂದು ನಿಮ್ಮ ಮಷೀನ್ ತೊಗೊಂಡು ಹೋಗ್ರಿ."

"ಮತ್ತ ಜಗಳ ಸುರು ಆತೇನ್ರಿ?"

"ಜಗಳ ಬಿಟ್ಟು ಒಂದಾಗ್ಯಾರ! ಮೊದಲು ಅವರವರ ಗದ್ದಲದಾಗ ನನ್ನ ಕಡೆ ಯಾರೂ ನೋಡ್ತಿರಲಿಲ್ಲ. ಆರಾಮ ಇದ್ದೆ. ಈಗ ಇಬ್ಬರೂ ಜತೆಗೆ ಕುಂತು ನೋಡ್ತಾರ. ಅದರಾಗ ಒಬ್ಬ ಒಳ್ಳೇ ಗಂಡ ಅದಾನ, ಹೆಂಡ್ತಿಗಿ ಚಾ ಮಾಡಿ ಕೊಡ್ತಾನ. ಅವ ಬಂದ ಕೂಡ್ಲೇ ಬಟನ್ ಒತ್ತಿ ಅವನನ್ನ ಅಲ್ಲೇ ನಿಲ್ಲಿಸಿ, 'ಬರ್ರಿ, ನೋಡಿ ಕಲೀರಿ' ಅಂತ ನನ್ನ ಕರೀತಾರ. ನಾನು ಚಾ ಮಾಡಿ ತರೂತನ ಅವನನ್ನ ಮುಂದಕ್ಕ ಬಿಡಂಗಿಲ್ಲ!"

ಹೊಲದಾಗಿನ ನಿಶ್ಚಿತಾರ್ಥ

ಕೋಗಳಿಯ ರೈತರೊಬ್ಬರ ಮಗಳ ನಿಶ್ಚಿತಾರ್ಥದ ವಿಡಿಯೋವನ್ನು ಅವರ ರೆಕಾರ್ಡರಿಗೆ ತುಂಬಿಸಿ, ಒಂದು ಡಿಸ್ಕನ್ನೂ ಮಾಡಿಕೊಟ್ಟಿದ್ದೆ. ಕೊಡುವಾಗ ಬುದ್ಧಿವಂತಿಕೆ ಬೇರೆ ಹೇಳಿದೆ: "ಡಿಸ್ಕನ್ನ ಮಷೀನ್ ಇದ್ದಲ್ಲೇ ಇಡಬ್ಯಾಡ್ರಿ. ಬ್ಯಾರೆ ಕಡೆ ಇಡ್ರಿ. ಒಂದು ಹೋದ್ರೂ ಇನ್ನೊಂದು ಉಳೀತತಿ."

ಎರಡು ತಿಂಗಳಾದ ಮೇಲೆ ಮಗಳೇ ಅಳುತ್ತಾ ಫೋನು ಮಾಡಿದಳು. ಯಾವುದೋ ಬಟನ್ ಒತ್ತಿ ಮಷೀನಿನಲ್ಲಿದ್ದದ್ದೆಲ್ಲ ಅಳಿಸಿಹೋಗಿದೆ. ಮಧ್ಯಾಹ್ನದ ಊಟಕ್ಕೆ ಬೀಗರು ಬರುತ್ತಾರೆ, ಬೀಗಿತ್ತಿ ವಿಡಿಯೋ ನೋಡಲೆಂದೇ ಬರುತ್ತಿದ್ದಾರೆ. ನಾನು ಬೈಕು ಹತ್ತಿ ಹೋದೆ.

"ಡಿಸ್ಕ್ ಎಲ್ಲೈತ್ರಿ?" ಎಂದು ತಂದೆಯನ್ನು ಕೇಳಿದೆ.

"ಹೊಲದಾಗ."

"ಹೊಲದಾಗ?"

"ನೀವೇ ಹೇಳಿದ್ರೆಲ್ಲ, ಬ್ಯಾರೆ ಕಡೆ ಇಡ್ರಿ ಅಂತ."

ಹೋಗಿ ನೋಡಿದರೆ, ತೆನೆ ಕಟ್ಟಿದ ಜೋಳದ ನಡುವೆ ಕೋಲು ನೆಟ್ಟು, ದಾರ ಕಟ್ಟಿ, ಇಪ್ಪತ್ತು ಮೂವತ್ತು ಡಿಸ್ಕು ನೇತುಹಾಕಿದ್ದಾರೆ. ಗಾಳಿಗೆ ಗಿರಗಿರ ತಿರುಗಿ ಫಳಫಳ ಹೊಳೆಯುತ್ತಿವೆ. ಗಿಳಿ ಬರದಿರಲೆಂದು ಊರಲ್ಲಿ ಸಿಕ್ಕ ಹಳೇ ಡಿಸ್ಕುಗಳನ್ನೆಲ್ಲ ತಂದು ಕಟ್ಟಿದ್ದರು. ನಿಶ್ಚಿತಾರ್ಥವೂ ಅವುಗಳಲ್ಲೊಂದು. ಬಿಸಿಲಿಗೆ ಹೆಸರು ಅಳಿಸಿ ಎಲ್ಲವೂ ಒಂದೇ ತೆರ ಕಾಣುತ್ತಿದ್ದವು. ಮೂವರೂ ಸೇರಿ ಎಲ್ಲವನ್ನೂ ಬಿಚ್ಚಿ ತಂದು ಒಂದೊಂದಾಗಿ ಹಾಕಿದೆವು. ಒಂದರಲ್ಲಿ ಯೋಗಾಸನ, ಇನ್ನೊಂದರಲ್ಲಿ ಉಪ್ಪಿನಕಾಯಿ ಹಾಕುವ ವಿಧಾನ, ಹತ್ತೆಂಟರಲ್ಲಿ ಏನೂ ಇಲ್ಲ. ಬೀಗರು ಓಣಿಯ ತಿರುವಿನಲ್ಲಿ ಕಾಣುವ ಹೊತ್ತಿಗೆ ನಿಶ್ಚಿತಾರ್ಥ ಸಿಕ್ಕಿತು. ಬೀಗಿತ್ತಿ ತಮ್ಮ ರೇಷ್ಮೆ ಸೀರೆಯನ್ನು ನೋಡಿ ಸಂತೋಷಪಟ್ಟರು. ಮಗಳಿಗೆ ಹೋದ ಜೀವ ಬಂತು.

ಆದರೆ ಆ ಎರಡು ತಾಸಿನಲ್ಲಿ ಗಿಳಿಗಳೂ ಊಟಕ್ಕೆ ಬಂದು ಹೋಗಿದ್ದವು.

ನಾಲ್ಕು ದಿನ ಬಿಟ್ಟು ತಂದೆ ನನ್ನ ಅಂಗಡಿಗೆ ಬಂದರು. "ಆ ನಿಶ್ಚಿತಾರ್ಥದ್ದು ಇನ್ನೊಂದು ಡಿಸ್ಕ್ ಮಾಡಿ ಕೊಡ್ರಿ, ಹೊಲಕ್ಕ ಬೇಕು."

"ಹೊಲಕ್ಕ ಖಾಲಿ ಡಿಸ್ಕ್ ಸಾಕಲ್ರಿ. ಎಷ್ಟು ಬೇಕು ಒಯ್ರಿ."

ಅವರು ಆಚೀಚೆ ನೋಡಿ ಹತ್ತಿರ ಬಂದು ಪಿಸುಗುಟ್ಟಿದರು. "ಖಾಲಿಗಿ ಗಿಳಿ ಅಂಜವಲ್ವು ಸಾವ್ಕಾರ್ರ. ಬೀಗಿತ್ತಿ ಇರೋದೇ ಬೇಕು."

ರಾಕ್ಷಸ ಎದ್ದ

ಹೊಳೆ ದಂಡೆಯ ಹಲವಾಗಲು ಎಂಬ ಊರಿನಲ್ಲಿ ಒಬ್ಬ ಹಿರಿಯರಿದ್ದಾರೆ. ಆರಡಿ ಆಳು, ಆದರೆ ಮಾತಾಡಿದರೆ ಪಕ್ಕದವರಿಗೂ ಕೇಳಿಸದಷ್ಟು ಮೆದು ಮನುಷ್ಯ. ಊರ ಬಯಲಾಟದಲ್ಲಿ ಇಪ್ಪತ್ತೈದು ವರ್ಷದಿಂದ ರಾಕ್ಷಸನ ಪಾತ್ರ ಅವರದೇ. ರಾಜನ ಪಾತ್ರ ಅವರ ಹೆಂಡತಿಯ ತಮ್ಮನದು. ಅವನು ಇವರ ಭುಜಕ್ಕೂ ಬರುವುದಿಲ್ಲ. ಆದರೂ ಪ್ರತಿ ವರ್ಷ ಇವರನ್ನು ಕೊಲ್ಲುವವನು ಅವನೇ. ಕೊಂದು ಸುಮ್ಮನಿರುತ್ತಾನೆಯೇ? ಮದುವೆ, ನಾಮಕರಣ, ಸಂತೆ, ಎಲ್ಲಿ ಸಿಕ್ಕರೂ, "ಮಾವ, ಈ ವರ್ಷನೂ ಕೊಂದೆ ನೋಡು" ಎಂದು ನಾಲ್ಕು ಜನರ ಮುಂದೆ ನಗುತ್ತಾನೆ. ಹೆಂಡತಿಯ ತಮ್ಮ, ಏನನ್ನುವುದು?

ಒಮ್ಮೆ ಟಿವಿಯವರು ಬಂದು ಹಗಲಲ್ಲೇ ಆಟ ಆಡಿಸಿ ಚಿತ್ರ ತೆಗೆದುಕೊಂಡು ಹೋದರು. ಭಾನುವಾರ ಮಧ್ಯಾಹ್ನ ಬರುತ್ತದೆಂದು ಗೊತ್ತಾಯಿತು. ಹಿರಿಯರು ರೆಕಾರ್ಡರ್ ಆರಿಸಲು ಅಂಗಡಿಗೆ ಬಂದರು.

"ಎಷ್ಟು ತಾಸು ಹಿಡಿಯೋದು ಬೇಕ್ರಿ?" ಎಂದೆ.

ಅವರು ನಾಚಿಕೊಂಡು ಹೇಳಿದರು, "ನಾನು ಸಾಯಾಕ ಇಪ್ಪತ್ತು ನಿಮಿಷ ತೊಗೊಂತೀನಿ. ಅಷ್ಟು ಪೂರ್ತಿ ಬಂದ್ರ ಸಾಕು. ಆಮ್ಯಾಲೆ ಒಂದು ಡಿಸ್ಕಿಗೂ ಇಳಸಿಕೊಡ್ರಿ. ಮೊಮ್ಮಕ್ಕಳು ನೋಡಲಿ."

ಭಾನುವಾರ ನಾನೇ ಹೋಗಿ ಜೋಡಿಸಿದೆ. ಪಡಸಾಲೆ ತುಂಬಿ, ಅಂಗಳ ತುಂಬಿ, ಕಿಟಕಿಯಲ್ಲೂ ಜನ. ರಾಜ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಾರ್ಯಕ್ರಮ ಶುರುವಾಯಿತು. ಟಿವಿಯವರು ನಾಲ್ಕು ತಾಸಿನ ಆಟವನ್ನು ಅರ್ಧ ತಾಸಿಗೆ ಇಳಿಸಿದ್ದರು. ರಾಕ್ಷಸನ ಪ್ರವೇಶ ಇಲ್ಲ. ಆರ್ಭಟ ಇಲ್ಲ. ಕುಣಿತ ಇಲ್ಲ. ಇಪ್ಪತ್ತು ನಿಮಿಷದ ಸಾವನ್ನೂ ಕತ್ತರಿಸಿದ್ದರು. ರಾಜ ಓಡಿ ಬಂದ, ಕತ್ತಿ ಎತ್ತಿದ, ಒಂದೇ ಏಟು. ರಾಕ್ಷಸ ದೊಪ್ಪೆಂದು ಬಿದ್ದ. ಕಿರೀಟ ಉರುಳಿಹೋಯಿತು. ಮುಗಿಯಿತು. ಸೊಳ್ಳೆ ಸಾಯಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

"ಮಾವ, ಒಂದೇ ಏಟಿಗಿ!" ಎಂದು ರಾಜ ತೊಡೆ ತಟ್ಟಿ ನಕ್ಕ. ಜನವೂ ನಕ್ಕರು. ಹಿರಿಯರು ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತಾ ಕೂತರು. ನಾನು "ಇನ್ನೊಮ್ಮೆ ಹಾಕ್ತೀನಿ ತಡೀರಿ, ಸರಿಯಾಗಿ ನೋಡೋಣ" ಎಂದು ಗಡಬಡಿಸಿ ರಿಮೋಟು ಒತ್ತಿದೆ. ಒತ್ತಿದ್ದು ಹಿಂದಕ್ಕೆ ಓಡಿಸುವ ಬಟನ್.

ಪರದೆಯ ಮೇಲೆ ಉರುಳಿಹೋಗಿದ್ದ ಕಿರೀಟ ತಾನಾಗಿ ಉರುಳಿಕೊಂಡು ವಾಪಸು ಬಂತು. ಸತ್ತು ಬಿದ್ದಿದ್ದ ರಾಕ್ಷಸ ಕೈಯೂರದೆ, ನೆಲದಿಂದ ನೆಟ್ಟಗೆ ಎದ್ದು ನಿಂತ. ಕಿರೀಟ ಹಾರಿ ತಲೆಯ ಮೇಲೆ ಕೂತಿತು. ಎದೆಗೆ ತಾಗಿದ್ದ ಕತ್ತಿ ಹಿಂದೆ ಸರಿಯಿತು. ರಾಜ ಕಣ್ಣು ಬಿಟ್ಟುಕೊಂಡು, ಹಿಂದಿಂದಕ್ಕೆ ತಟತಟ ಹೆಜ್ಜೆ ಹಾಕುತ್ತಾ ಓಡಿಹೋಗಿ ರಂಗದ ಪರದೆಯ ಮರೆಗೆ ಸೇರಿಕೊಂಡ.

ಕಿಟಕಿಯಿಂದ ಯಾರೋ ಸಿಳ್ಳು ಹೊಡೆದರು.

"ರಾಜ ಓಡ್ಯಾನಲ್ಲಲೇ!"

ಅಂಗಳವೆಲ್ಲ ಎದ್ದು ಕುಣಿಯಿತು. ಹಿರಿಯರು ತಲೆ ಎತ್ತಿದರು. ಆ ಮುಖವನ್ನು ನಾನು ಮರೆಯಲಾರೆ. "ಸಾವ್ಕಾರ್ರ," ಎಂದರು ಮೆಲ್ಲಗೆ, "ಇನ್ನೊಮ್ಮೆ ಹಂಗ ಮಾಡ್ರಿ."

ಮಾಡಿದೆ. ಹಿಂದಕ್ಕೆ ಓಡಿಸುವಾಗ ಚಿತ್ರ ಮಾತ್ರ ಬರುತ್ತದೆ, ಸದ್ದು ಬರುವುದಿಲ್ಲ. ಎರಡನೇ ಸಲಕ್ಕೆ ಆ ಮೆದು ಮನುಷ್ಯ ಎದ್ದು ನಿಂತು ಟಿವಿಗೆ ತಾವೇ ಸದ್ದು ಕೊಟ್ಟರು. "ಎಲೈ ರಾಜಾ! ಓಡ್ತೀಯಾ? ಓಡು! ಇಪ್ಪತ್ತೈದು ವರ್ಷ ತಡಕೊಂಡೀನಿ!" ಮನೆಯ ಮಾಡು ಅದುರಿತು. ಹನ್ನೊಂದು ಸಲ ರಾಕ್ಷಸ ಎದ್ದ, ಹನ್ನೊಂದು ಸಲ ರಾಜ ಓಡಿದ. ಹನ್ನೆರಡನೇ ಸಲಕ್ಕೆ ನೋಡಿದರೆ ನಿಜವಾದ ರಾಜನೂ ಜಾಗ ಖಾಲಿ ಮಾಡಿದ್ದ. ನಾನು ಹೊರಡುವಾಗ ಹಿರಿಯರ ಹೆಂಡತಿ, ರಾಜನ ಸ್ವಂತ ಅಕ್ಕ, ಗುರುತಿಗಿರಲೆಂದು ರಿಮೋಟಿನ ಆ ಬಟನ್ನಿಗೆ ಕುಂಕುಮ ಹಚ್ಚುತ್ತಿದ್ದರು.

ವಾರದ ನಂತರ ರಾಜ ನನ್ನ ಅಂಗಡಿಗೆ ಬಂದ. ಜೊತೆಗೆ ಅವನ ಇಳಿವಯಸ್ಸಿನ ತಾಯಿಯೂ ಬಂದಿದ್ದರು. ಆ ಭಾನುವಾರ ಮಗ ಹನ್ನೊಂದು ಸಲ ಹಿಂದಕ್ಕೆ ಓಡಿದ್ದನ್ನು ಕಣ್ಣಾರೆ ನೋಡಿದ್ದ ಆ ಅಜ್ಜಿ, ಬಂದ್ ಇದ್ದ ಹೊಸ ಟಿವಿಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ರಾಜನ ಮುಖ ಸಣ್ಣಗಾಗಿತ್ತು.

"ನನಗೂ ಒಂದು ರೆಕಾರ್ಡರ್ ಬೇಕ್ರಿ. ಮಾವನ ಡಿಸ್ಕ್ ನಾನೂ ಹಾಕಿ ಊರಿಗಿ ತೋರಸ್ತೀನಿ, ಸರಿಯಾಗಿ, ಮುಂದಕ್ಕ. ಓಣ್ಯಾಗ ನಡದ್ರ ಸಾಕು, ಹುಡುಗ್ರು ನನ್ನ ಎದುರಿಗೆ ಹಿಂದಿಂದಕ್ಕ ನಡಕೋತ ಹೋಗ್ತಾವ."

"ಎಂಥದ್ದು ಕೊಡ್ಲಿ?"

"ಹಿಂದಕ್ಕ ಓಡೋ ಬಟನ್ ಇಲ್ಲದ್ದು ಕೊಡ್ರಿ."

"ಅಂಥದ್ದು ಯಾರೂ ಮಾಡಂಗಿಲ್ರಿ."

"ಹಂಗಾದ್ರ ಮಾವ ಬಿದ್ದ ಕೂಡ್ಲೇ ಅಲ್ಲೇ ಸಿಕ್ಕೊಂಡು ನಿಲ್ಲೋಂಥದ್ದು, ಕೆಟ್ಟದ್ದಿದ್ರೂ ನಡೀತತಿ."

ಕೆಟ್ಟದ್ದನ್ನು ಹುಡುಕಿಕೊಂಡು ಬಂದ ಗಿರಾಕಿಯನ್ನು ನಾನು ಅದೇ ಮೊದಲು ನೋಡಿದ್ದು. ಇಲ್ಲವೆಂದೆ. ರಾಜ ನಿಟ್ಟುಸಿರು ಬಿಟ್ಟು ಎದ್ದ. ಸಂಭಾವಿತ ಮನುಷ್ಯ, ಎರಡೂ ಕೈ ಮುಗಿದು, ನನ್ನ ಕಡೆ ಮುಖ ಮಾಡಿಕೊಂಡೇ, "ಬರ್ತೀನ್ರಿ" ಎನ್ನುತ್ತಾ ಬಾಗಿಲ ಕಡೆಗೆ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟ.

ಕುರ್ಚಿಯಲ್ಲಿದ್ದ ಅಜ್ಜಿ ಗಾಬರಿಯಾಗಿ ಎದ್ದು ಕೂಗಿದರು.

"ಮುಂದಕ್ಕ ನಡಿಯೋ ಯಪ್ಪಾ! ಟಿವಿ ಬಂದ್ ಐತಿ!"